ಡಿಜೆರಿಡೂವನ್ನು ಬ್ಯಾಂಡ್ ಜತೆ ವೇದಿಕೆಗೆ ತರುವುದು ಹೇಗೆ: ಸಮಗ್ರ ಮಾರ್ಗದರ್ಶಿ

"ಮನೆಯಲ್ಲಿ ಚೆನ್ನಾಗಿ ಬರುತ್ತೆ, ಬ್ಯಾಂಡ್ ಜತೆ ಕೂತ್ರೆ ಮಾತ್ರ ಕೆಟ್ಟುಹೋಗುತ್ತೆ." ಆಸ್ಟ್ರೇಲಿಯಾದ ಮೂಲನಿವಾಸಿಗಳ ಉದ್ದ ಊದುಕೊಳವೆಯಾದ ಡಿಜೆರಿಡೂ ಕಲಿಯುತ್ತಿರುವವರಿಂದ ನಾನು ಹೆಚ್ಚಾಗಿ ಕೇಳುವ ಮಾತು ಇದು. ಎಡವುವ ಜಾಗಗಳು ಮೂರೇ. ಹಾಡುವವರ ಶ್ರುತಿಗೆ ಸೇರದ ವಾದ್ಯ ಕೊಂಡಿರುತ್ತಾರೆ. ಹಾಡು ಶುರುವಾದ ಕ್ಷಣದಿಂದ ಮುಗಿಯುವವರೆಗೂ ಊದುತ್ತಲೇ ಇರುತ್ತಾರೆ. ಸೌಂಡ್ ಇಂಜಿನಿಯರ್‌ಗೆ ಈ ವಾದ್ಯದ ಬಗ್ಗೆ ಒಂದು ಮಾತನ್ನೂ ಹೇಳಿರುವುದಿಲ್ಲ.

ಮೂರಕ್ಕೂ ಕಾರಣ ಕೆಲಸದ ಕ್ರಮ ತಪ್ಪಿದ್ದು. ಹಾಗಾಗಿ ಕೆಳಗಿನ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

## ಮೊದಲು ಕೈಯಲ್ಲಿ ಇರಬೇಕಾದ್ದು

40 ಮಿ.ಮೀ. ಪಿವಿಸಿ ಪೈಪ್ ಒಂದೂವರೆ ಮೀಟರ್, ಹ್ಯಾಕ್ಸಾ ಬ್ಲೇಡ್, ಸ್ಯಾಂಡ್‌ಪೇಪರ್, ಒಂದು ಮುಷ್ಟಿ ಶುದ್ಧ ಜೇನುಮೇಣ. ಫೋನಿನಲ್ಲಿ ಟ್ಯೂನರ್, ಮೆಟ್ರೊನೋಮ್ ಮತ್ತು ರೆಕಾರ್ಡರ್. ಒಂದು ಲೋಟ ನೀರು, ಒಂದು ಸ್ಟ್ರಾ. ಮೈಕ್ ಆಮೇಲೆ ನೋಡೋಣ.

## 1. ವಾದ್ಯಕ್ಕಿಂತ ಮೊದಲು ಶ್ರುತಿ ಆರಿಸಿ

ಡಿಜೆರಿಡೂಗೆ ರಂಧ್ರಗಳಿಲ್ಲ. ಒಂದು ಕೊಳವೆಗೆ ಒಂದೇ ಮೂಲ ನಾದ. ಅದು ಹಾಡಿನ ಶ್ರುತಿಗೆ ಸೇರದಿದ್ದರೆ ಎಷ್ಟು ಚೆನ್ನಾಗಿ ಊದಿದರೂ ಕಿವಿಗೆ ಕಿರಿಕಿರಿಯೇ. ಆದ್ದರಿಂದ ನೀವು ಯಾರ ಜತೆ ನುಡಿಸುತ್ತೀರೋ ಅವರ ಶ್ರುತಿಯನ್ನು ಮೊದಲು ಕೇಳಿ ಬರೆದುಕೊಳ್ಳಿ.

ಗಂಡು ದನಿಯ ಕರ್ನಾಟಕ ಸಂಗೀತಗಾರರು ಸಾಮಾನ್ಯವಾಗಿ ಬಿಳಿ 1ರಿಂದ ಬಿಳಿ 2ರ ನಡುವೆ ಹಾಡುತ್ತಾರೆ. (ಇವು ಹಾರ್ಮೋನಿಯಂನ ಬಿಳಿ ಮನೆಗಳ ಎಣಿಕೆ; ಟ್ಯೂನರ್‌ನಲ್ಲಿ ಬಿಳಿ 1 ಅಂದರೆ C, ಬಿಳಿ 2 D, ಬಿಳಿ 3 E, ಬಿಳಿ 5 G.) ಹೆಣ್ಣು ದನಿ ಹೆಚ್ಚಾಗಿ ಬಿಳಿ 5ರ ಸುತ್ತ. ಬಿಳಿ 1 ಅಥವಾ ಬಿಳಿ 2 ಆದರೆ ಸುಲಭ, ಅದೇ ಶ್ರುತಿಯ ಕೊಳವೆ ಸಾಕು. ಬಿಳಿ 5ಕ್ಕೆ ಹೊಂದುವ ಕೊಳವೆ ಒಂದೋ 86 ಸೆಂ.ಮೀ.ನಷ್ಟು ಗಿಡ್ಡ, ದನಿ ಚೂಪು. ಇಲ್ಲವೇ 1.75 ಮೀಟರಿನಷ್ಟು ಉದ್ದ, ಹೊಸಬರಿಗೆ ಹಿಡಿತ ಸಿಗದು.

ಅಂಥ ಕಡೆ ನಾನು ಬಿಳಿ 2ರ ಕೊಳವೆ ಬಳಸುತ್ತೇನೆ. ಬಿಳಿ 5 ಷಡ್ಜವಾದಾಗ ಬಿಳಿ 2 ಪಂಚಮವಾಗುತ್ತದೆ. ಆದರೆ ಎರಡು ಎಚ್ಚರಿಕೆ. ಹಿಂದೋಳ, ಶ್ರೀರಂಜಿನಿಯಂಥ ಪಂಚಮವಿಲ್ಲದ ರಾಗಗಳಲ್ಲಿ ಇದನ್ನು ಮುಟ್ಟಲೇಬೇಡಿ. ತಂಬೂರಿಯ ದನಿ ಗಟ್ಟಿಯಾಗಿರಲಿ. ಇಲ್ಲದಿದ್ದರೆ ಕೇಳುವವರ ಕಿವಿ ನಿಮ್ಮ ಪಂಚಮವನ್ನೇ ಷಡ್ಜ ಅಂದುಕೊಳ್ಳುತ್ತದೆ, ಹಾಡುವವರು ಪರದಾಡುತ್ತಾರೆ.

## 2. ಪಿವಿಸಿಯಲ್ಲಿ ಕಲಿಯಿರಿ, ಮರ ಆಮೇಲೆ

ಸಣ್ಣ ಪೈಪಿಗೆ ಸುಮಾರು ಅಳತೆ ಹೀಗಿದೆ: ಬಿಳಿ 1ಕ್ಕೆ 1.30 ಮೀ., ಬಿಳಿ 2ಕ್ಕೆ 1.16 ಮೀ., ಬಿಳಿ 3ಕ್ಕೆ 1.03 ಮೀ. ಇದಕ್ಕಿಂತ 5 ಸೆಂ.ಮೀ. ಉದ್ದವಾಗಿಯೇ ಕತ್ತರಿಸಿ. ಊದಿ, ಟ್ಯೂನರ್ ನೋಡಿ, ಅರ್ಧ ಅರ್ಧ ಸೆಂ.ಮೀ. ತೆಗೆಯುತ್ತಾ ಬನ್ನಿ. ಒಮ್ಮೆಗೇ ಕತ್ತರಿಸಿ ಪೈಪು ಹಾಳು ಮಾಡಿಕೊಂಡವರೇ ಜಾಸ್ತಿ.

ಬಾಯಿ ಇಡುವ ತುದಿಯನ್ನು ಸ್ಯಾಂಡ್‌ಪೇಪರ್‌ನಿಂದ ನಯ ಮಾಡಿ. ಮೇಣವನ್ನು ಬಿಸಿ ನೀರಿನಲ್ಲಿ ಮೆತ್ತಗೆ ಮಾಡಿಕೊಂಡು, ಚಪಾತಿ ಹಿಟ್ಟಿನ ಹಾಗೆ ನಾದಿ, ಹಗ್ಗದಂತೆ ಹೊಸೆದು ತುದಿಯ ಸುತ್ತ ಕೂರಿಸಿ. ಒಳಗಿನ ಅಗಲ 28ರಿಂದ 32 ಮಿ.ಮೀ. ಇರಲಿ. ತುಟಿಗೆ ಸೋರಿಕೆ ಅನ್ನಿಸಿದರೆ ಹೆಬ್ಬೆರಳಿಂದ ಒತ್ತಿ ಸರಿ ಮಾಡಿ. ಪೈಪನ್ನು ಬೆಂಕಿಗೆ ಹಿಡಿದು ಬಗ್ಗಿಸಲು ಹೋಗಬೇಡಿ. ಪಿವಿಸಿ ಸುಟ್ಟರೆ ಬರುವ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು.

ಈಗ ಒಂದು ಉಪಾಯ. ಶ್ರುತಿ ಸರಿಯಾದ ಮೇಲೆ ಇನ್ನೂ 4 ಸೆಂ.ಮೀ. ಕತ್ತರಿಸಿ. ಕೆಳ ತುದಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಸುತ್ತಿ, ಬಿಗಿಯಾಗಿ ಜಾರುವಂಥ 15 ಸೆಂ.ಮೀ.ನ ತೋಳು ಮಾಡಿ. ಅದನ್ನು 4 ಸೆಂ.ಮೀ. ಹೊರಗೆ ಎಳೆದರೆ ಹಳೆಯ ಶ್ರುತಿ ವಾಪಸ್. ಈ ತೋಳು ಯಾಕೆ ಬೇಕು ಅನ್ನುವುದು 8ನೇ ಹಂತದಲ್ಲಿ ಗೊತ್ತಾಗುತ್ತದೆ.

ಮರದ ವಾದ್ಯ ಕೊಳ್ಳುವ ಕಾಲ ಬಂದಾಗ ಅವಸರ ಬೇಡ. ಉತ್ತರ ಆಸ್ಟ್ರೇಲಿಯಾದ ಆರ್ನೆಮ್ ಲ್ಯಾಂಡ್‌ನಲ್ಲಿ ಗೆದ್ದಲು ತಿಂದು ಟೊಳ್ಳು ಮಾಡಿದ ನೀಲಗಿರಿ ಜಾತಿಯ ಮರಗಳಿಂದ ಇದನ್ನು ಮಾಡುತ್ತಾರೆ. ಅಲ್ಲಿನ ಮೂಲನಿವಾಸಿಗಳಾದ ಯೋಲ್ಙು ಜನ ತಮ್ಮ ವಾದ್ಯವನ್ನು ಯಿಡಾಕಿ ಅನ್ನುತ್ತಾರೆ. ಆರ್ನೆಮ್ ಲ್ಯಾಂಡ್‌ನ ಪಶ್ಚಿಮ ಭಾಗದವರದು ಮಾಗೊ. ಎರಡರ ನುಡಿಸಾಣಿಕೆಯೂ ಬೇರೆ: ಯಿಡಾಕಿಯಲ್ಲಿ ಮೇಲಿನ ಸ್ವರದ ಕೂಗು, ಅಂದರೆ ಟೂಟ್, ಬರುತ್ತದೆ. ಮಾಗೊ ಶೈಲಿಯಲ್ಲಿ ಸಾಮಾನ್ಯವಾಗಿ ಇಲ್ಲ. ಯಿರ್ಕಲಾದ ಬುಕು-ಲಾರ್ಙ್‌ಗೈ ಮುಲ್ಕಾ, ಗುನ್‌ಬಲಾನ್ಯಾದ ಇಂಜಲಾಕ್ ಇವು ಅಲ್ಲಿನ ಸಮುದಾಯಗಳದೇ ಕಲಾಕೇಂದ್ರಗಳು. ಅಂಥ ಕಡೆಯಿಂದ ಕೊಂಡರೆ ಮಾಡಿದವರ ಹೆಸರು ಗೊತ್ತಾಗುತ್ತದೆ, ಹಣವೂ ಅವರಿಗೆ ಸೇರುತ್ತದೆ.

ಮಾಡಿದವರ ಹೆಸರಿಲ್ಲ, ಊರಿಲ್ಲ, ಮರ ಯಾವುದು ಎಂದು ಅಂಗಡಿಯವರಿಗೇ ಗೊತ್ತಿಲ್ಲ, ಆದರೂ "ಮೂಲನಿವಾಸಿಗಳ ಕೈಕೆಲಸ" ಅನ್ನುತ್ತಾರೆ. ಹೀಗಾದರೆ ಅಲ್ಲಿಂದ ಎದ್ದು ಬನ್ನಿ. ಇಂಡೋನೇಷ್ಯಾದಲ್ಲಿ ಮಾಡಿಸಿದ ಡಿಜೆರಿಡೂ, ಬೂಮರಾಂಗ್‌ಗಳನ್ನು ಮೂಲನಿವಾಸಿಗಳ ಕೈಕೆಲಸ ಎನ್ನುವಂತೆ ಮಾರಿದ ಒಂದು ಕಂಪನಿಗೆ 2019ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ 23 ಲಕ್ಷ ಡಾಲರ್ ದಂಡ ಹಾಕಿತು. ಗೋವಾ, ಋಷಿಕೇಶದ ಅಂಗಡಿಗಳಲ್ಲಿ ಸಿಗುವ ಬಿದಿರಿನ ಕೊಳವೆ ಅಭ್ಯಾಸಕ್ಕೆ ಆಗುತ್ತದೆ. ಅದನ್ನು ಬಿದಿರಿನ ಕೊಳವೆ ಎಂದೇ ಹೇಳಿ.

## 3. ತುಟಿ ಸಡಿಲ ಬಿಡಿ

ಕುದುರೆ ಪುರ್ರ್ ಅನ್ನುವುದನ್ನು ನೋಡಿದ್ದೀರಲ್ವಾ? ತುಟಿ ಅಷ್ಟು ಸಡಿಲವಾಗಿರಬೇಕು. ಕಹಳೆ ಊದುವ ಹಾಗೆ ತುಟಿ ಬಿಗಿದರೆ ಮೂಲ ನಾದ ಬರುವುದೇ ಇಲ್ಲ, ಟೂಟ್ ಹೊರಡುತ್ತದೆ. ತುಟಿಯನ್ನು ಮೇಣದ ಒಳಗೆ ಮೆಲ್ಲಗೆ ಇಟ್ಟು, ಕಡಿಮೆ ಗಾಳಿಯಲ್ಲಿ ನಾದ ಹಿಡಿಯಿರಿ. ಒಂದೇ ಉಸಿರಿನಲ್ಲಿ 15 ಸೆಕೆಂಡ್ ಅಲುಗದ ನಾದ ನಿಲ್ಲಬೇಕು. ಅಲ್ಲಿಯವರೆಗೆ 4ನೇ ಹಂತಕ್ಕೆ ಹೋಗಬೇಡಿ.

ನಾದ ಗಾಳಿಗಾಳಿಯಾಗಿ ಬಂದರೆ ತುಟಿ ಮತ್ತು ಮೇಣದ ನಡುವೆ ಸಂದಿ ಇದೆ. ಐದೇ ನಿಮಿಷಕ್ಕೆ ತುಟಿ ಮರಗಟ್ಟಿದರೆ ಒತ್ತಡ ಜಾಸ್ತಿಯಾಗಿದೆ.

## 4. ಸುತ್ತುಸಿರು

ಸರ್ಕ್ಯುಲರ್ ಬ್ರೀದಿಂಗ್ ಅನ್ನುವುದಕ್ಕೆ ನಾನು ಸುತ್ತುಸಿರು ಅನ್ನುತ್ತೇನೆ. ಹಾವಾಡಿಗರ ಪುಂಗಿಯಲ್ಲಿ, ನಾಗಸ್ವರದ ಜತೆ ಶ್ರುತಿ ಹಿಡಿಯುವ ಒತ್ತುವಿನಲ್ಲಿ ನಾದ ಕಡಿಯದೆ ನಿಲ್ಲುವುದು ಇದರಿಂದಲೇ. ಕೆನ್ನೆಯಲ್ಲಿ ತುಂಬಿಟ್ಟ ಗಾಳಿಯನ್ನು ಹೊರಗೆ ತಳ್ಳುತ್ತಿರುವಾಗಲೇ ಮೂಗಿನಿಂದ ಚೂರು ಉಸಿರು ಎಳೆದುಕೊಳ್ಳುವುದು. ಅಷ್ಟೇ ವಿಷಯ. ಆದರೆ ಇಲ್ಲಿಯೇ ಜನ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತಾರೆ, ಯಾಕೆಂದರೆ ನೇರವಾಗಿ ವಾದ್ಯದಲ್ಲೇ ಶುರು ಮಾಡುತ್ತಾರೆ.

ಮೊದಲ ಮೂರು ದಿನ ಬರೀ ನೀರು. ಬಾಯಿ ತುಂಬಾ ನೀರು ತುಂಬಿಕೊಂಡು ಬಚ್ಚಲಲ್ಲಿ ನಿಂತು, ತೆಳ್ಳಗೆ ಎಳೆಯಾಗಿ ಹೊರಗೆ ಚಿಮ್ಮಿಸಿ. ಚಿಮ್ಮಿಸುತ್ತಲೇ ಮೂಗಿನಿಂದ ಉಸಿರಾಡಿ. ನೀರಿನ ಎಳೆ ಕಡಿಯಬಾರದು. ಕೆನ್ನೆ ಒಂದು ಕೆಲಸ, ಮೂಗು ಇನ್ನೊಂದು ಕೆಲಸ ಮಾಡಬಹುದು ಎಂದು ಮೈಗೆ ಗೊತ್ತಾಗುವುದು ಆಗಲೇ.

ಆಮೇಲೆ ಒಂದು ವಾರ ಸ್ಟ್ರಾ. ಲೋಟದ ನೀರಿನಲ್ಲಿ ಗುಳ್ಳೆ ಬಿಡುತ್ತಾ ಇರಿ. ಗಾಳಿ ಮುಗಿಯುವ ಮೊದಲೇ ಕೆನ್ನೆ ಉಬ್ಬಿಸಿ, ಕೆನ್ನೆಯಿಂದ ತಳ್ಳುತ್ತಾ ಮೂಗಿನಿಂದ ಚಿಕ್ಕದಾಗಿ ಎಳೆದುಕೊಳ್ಳಿ. ಗುಳ್ಳೆ ನಿಲ್ಲದೆ ಒಂದು ನಿಮಿಷ ಬಂದರೆ ಸಾಕು.

ವಾದ್ಯಕ್ಕೆ ಬಂದಾಗ ಎಳೆದುಕೊಳ್ಳುವ ಕ್ಷಣದಲ್ಲಿ ನಾದ ಕುಸಿಯುತ್ತದೆ. ಎಲ್ಲರಿಗೂ ಹೀಗೇ. ಅದನ್ನು ಮುಚ್ಚಿಡಲು ಹೋಗಬೇಡಿ. ಆ ಕುಸಿತವನ್ನೇ ಲಯದ ಒಂದು ಪೆಟ್ಟು ಮಾಡಿಕೊಳ್ಳಿ. ಕೆನ್ನೆಯನ್ನು ಜೋರಾಗಿ ಒತ್ತಿದರೆ "ವ್ಹಾ" ಎಂಬ ಒತ್ತು ಬರುತ್ತದೆ. ಉಸಿರು ಅದರ ಅಡಿಯಲ್ಲಿ ಅಡಗಿಕೊಳ್ಳುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಪ್ರತಿ ಸಲವೂ ಎಳೆದುಕೊಂಡದ್ದಕ್ಕಿಂತ ಕಡಿಮೆ ಹೊರಗೆ ಬಿಟ್ಟರೆ ಒಂದೇ ನಿಮಿಷದಲ್ಲಿ ಎದೆ ತುಂಬಿ ಉಬ್ಬಿಕೊಳ್ಳುತ್ತದೆ. ಜನ ಇದನ್ನು ಉಸಿರು ಸಾಲುತ್ತಿಲ್ಲ ಅಂದುಕೊಂಡು ಇನ್ನಷ್ಟು ಎಳೆಯುತ್ತಾರೆ. ನಿಜವಾಗಿ ಬೇಕಾದ್ದು ಖಾಲಿ ಮಾಡುವುದು. ನಾಲ್ಕು ಸುತ್ತಿಗೊಮ್ಮೆ ಉದ್ದಕ್ಕೆ ಊದಿ ಎದೆ ಹಗುರ ಮಾಡಿಕೊಳ್ಳಿ.

ನಿಲ್ಲಿಸಬೇಕಾದ ಸೂಚನೆಗಳು: ತಲೆ ಸುತ್ತುವುದು, ತುಟಿ ಸುತ್ತ ಅಥವಾ ಬೆರಳ ತುದಿಯಲ್ಲಿ ಜುಮ್ಮೆನ್ನುವುದು, ಕಿವಿಯಲ್ಲಿ ನೋವು. ಇದರಲ್ಲಿ ಒಂದು ಕಂಡರೂ ಕೆಳಗಿಟ್ಟು ಕೂತುಕೊಳ್ಳಿ, ಸಹಜವಾಗಿ ಉಸಿರಾಡಿ. ಹರ್ನಿಯಾ ಇರುವವರು, ಇತ್ತೀಚೆಗೆ ಕಣ್ಣು ಅಥವಾ ಹೊಟ್ಟೆಯ ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಊದಬೇಡಿ. ದಿನಕ್ಕೆ ಎರಡು ಸಲ 15 ನಿಮಿಷ ಸಾಕು.

## 5. ಬಾಯಿತಾಳದಿಂದ ಲಯ ಕಟ್ಟಿ

ಹೊಸಬರು ಸುಮ್ನೆ ಗುಂಯ್ ಅನ್ನಿಸುತ್ತಾ ಕೂರುತ್ತಾರೆ. ವೇದಿಕೆಯಲ್ಲಿ ಡಿಜೆರಿಡೂ ಮುಖ್ಯವಾಗಿ ಲಯವಾದ್ಯ. ಯೋಲ್ಙು ಜನರೂ ಯಿಡಾಕಿಯ ನಡೆಗಳನ್ನು ಬಾಯಿಯಲ್ಲಿ ಹೇಳಿ ಕಲಿಸುತ್ತಾರೆ. ಮೃದಂಗದ ಸೊಲ್ಲು, ಯಕ್ಷಗಾನದ ಬಾಯಿತಾಳ ಕೇಳಿ ಬೆಳೆದ ನಮಗೆ ಇದು ಹೊಸದಲ್ಲ. ಅವರ ವಿಧಿಗಳಿಗೆ ಸೇರಿದ ನಡೆಗಳನ್ನು ರೆಕಾರ್ಡಿಂಗ್ ಕೇಳಿ ನಕಲು ಮಾಡಬೇಡಿ. ನಮ್ಮ ಸೊಲ್ಲುಗಳಿಂದಲೇ ನಿಮ್ಮ ನಡೆ ಕಟ್ಟಿಕೊಳ್ಳಿ.

ಒಂದು ಸೂಕ್ಷ್ಮ ಇದೆ. ತುಟಿ ನಾದಕ್ಕೆ ಮೀಸಲು. ಹಾಗಾಗಿ ಪ, ಬ, ಮ ಹೇಳಲು ಆಗುವುದಿಲ್ಲ. "ತಕದಿಮಿ" ಹೇಳಲು ಹೋದವರು "ಮಿ"ಯಲ್ಲಿ ಎಡವುತ್ತಾರೆ, ನಾದ ಕಡಿಯುತ್ತದೆ. ಬದಲಿಗೆ "ತಕದಿನ", "ತರಿಕಿಟ" ಹೇಳಿ. ಎಲ್ಲವೂ ನಾಲಿಗೆಯಲ್ಲೇ ಹುಟ್ಟುತ್ತವೆ.

ನಾಲಿಗೆಯನ್ನು "ಈ" ಅನ್ನುವ ಹಾಗೆ ಅಂಗುಳಿನ ಹತ್ತಿರ ಎತ್ತಿ, ಆಮೇಲೆ "ಆ"ಗೆ ಇಳಿಸಿ. ದನಿಯ ಬಣ್ಣ ಹೇಗೆ ಬದಲಾಗುತ್ತದೆ ನೋಡಿ. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2005ರಲ್ಲಿ ಇದನ್ನು ಅಳೆದು ತೋರಿಸಿದರು. ನಾದದಲ್ಲಿರುವ ಕೆಲವು ಉಪನಾದಗಳನ್ನು ಬಾಯಿಯ ಆಕಾರ ಅಡಗಿಸುತ್ತದೆ. ಉಳಿದವು, ಸುಮಾರು 1ರಿಂದ 3 ಕಿಲೋಹರ್ಟ್ಸ್ ನಡುವೆ, ಎದ್ದು ಕೇಳುತ್ತವೆ. ಬಾಯಲ್ಲಿ ಹಿಡಿದು ಮೀಟುವ ಮೋರ್ಸಿಂಗ್ ನುಡಿಸುವವರನ್ನು ಹತ್ತಿರ ಕೂತು ನೋಡಿ, ನಾಲಿಗೆಯ ಆಟ ಬಹಳ ಹತ್ತಿರದ್ದು.

ಮೆಟ್ರೊನೋಮ್ 100ಕ್ಕೆ ಇಟ್ಟುಕೊಂಡು ನಾಲ್ಕೆಣಿಕೆಯ ಸುತ್ತಿನಲ್ಲಿ ನುಡಿಸಿ. ಒಂದು ಸುತ್ತು 2.4 ಸೆಕೆಂಡ್. ಪ್ರತಿ ಸುತ್ತಿನ ನಾಲ್ಕನೇ ಎಣಿಕೆಯಲ್ಲಿ ಚಿಕ್ಕ ಉಸಿರು. ಉಸಿರಿನ ಜಾಗ ಒಂದು ಕಡೆ ನಿಂತರೆ ಲಯ ಓಡುವುದಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ, ಮರುದಿನ ಕೇಳಿ. ಅದೇ ದಿನ ಕೇಳಿದರೆ ತಪ್ಪು ಕಾಣುವುದಿಲ್ಲ.

## 6. ಹಾಡಿನಲ್ಲಿ ಎಲ್ಲಿ ಸುಮ್ಮನಿರಬೇಕು ಎಂದು ಬರೆದುಕೊಳ್ಳಿ

ಹಾಡಿನ ನಕ್ಷೆಯನ್ನು ಒಂದು ಹಾಳೆಯಲ್ಲಿ ಬರೆಯಿರಿ: ಆರಂಭ, ಪಲ್ಲವಿ, ಚರಣ, ವಾದ್ಯಭಾಗ, ಮುಕ್ತಾಯ. ನೀವು ಊದುವ ಜಾಗಕ್ಕೆ ಗೆರೆ ಎಳೆಯಿರಿ. ನಾಲ್ಕು ನಿಮಿಷದ ಹಾಡಿನಲ್ಲಿ ಒಂದೂವರೆ ನಿಮಿಷಕ್ಕಿಂತ ಜಾಸ್ತಿ ಇದ್ದರೆ ನಾನು ಅಳಿಸಿ ಕಡಿಮೆ ಮಾಡುತ್ತೇನೆ. ನಿಲ್ಲದ ನಾದವನ್ನು ಕಿವಿ ಬೇಗ ಕೇಳುವುದನ್ನೇ ಬಿಡುತ್ತದೆ. ನಿಂತು ಮತ್ತೆ ಬಂದಾಗಲೇ ಮೈ ಜುಮ್ಮೆನ್ನುವುದು. ಆಸ್ಟ್ರೇಲಿಯಾದ ಯೋಥು ಯಿಂಡಿ ಬ್ಯಾಂಡ್ ಯಿಡಾಕಿಯನ್ನು ಗಿಟಾರು, ಡ್ರಮ್ಸ್ ಜತೆ ಹೇಗೆ ಕೂರಿಸಿದೆ ಕೇಳಿ. ಯಿಡಾಕಿ ಎಲ್ಲೆಲ್ಲಿ ಇಲ್ಲ ಅನ್ನುವುದನ್ನು ಗುರುತು ಮಾಡಿಕೊಳ್ಳಿ. ಆರ್ಕೆಸ್ಟ್ರಾ ಜತೆ ಕೇಳಬೇಕಾದರೆ ಆಸ್ಟ್ರೇಲಿಯಾದ ಮೌಂಟ್ ಐಸಾದಲ್ಲಿ ಹುಟ್ಟಿದ, ಕಲ್ಕಡುಂಗು ಮೂಲನಿವಾಸಿ ಸಮುದಾಯದ ವಾದಕ ವಿಲಿಯಂ ಬಾರ್ಟನ್ ಇದ್ದಾರೆ.

ಸ್ವರಮೇಳ (ಕಾರ್ಡ್) ಬದಲಾಗುತ್ತಲೇ ಇರುವ ಹಾಡು ಈ ವಾದ್ಯಕ್ಕೆ ಒಗ್ಗುವುದಿಲ್ಲ. ಒಂದೇ ಆಧಾರದ ಮೇಲೆ ನಿಲ್ಲುವ ಭಾಗಗಳನ್ನು ಹುಡುಕಿ. ಬಾಸ್ ಗಿಟಾರ್ ಮತ್ತು ಡಿಜೆರಿಡೂ ಒಂದೇ ಕೆಳಸ್ಥಾಯಿಯಲ್ಲಿ ಗುದ್ದಾಡುತ್ತವೆ. ಒಬ್ಬರು ನುಡಿಸುವಾಗ ಇನ್ನೊಬ್ಬರು ಬಿಡಿ. ಮೋರ್ಸಿಂಗ್ ಇದ್ದರೆ ಒಟ್ಟಿಗೆ ಬೇಡ, ಸವಾಲ್ ಜವಾಬ್ ಮಾಡಿ.

ಟೂಟ್‌ನ ಸ್ವರವನ್ನೂ ಮೊದಲೇ ನೋಡಿಕೊಳ್ಳಿ. ನೇರ ಪಿವಿಸಿ ಕೊಳವೆಯಲ್ಲಿ ಅದು ಮೇಲಿನ ಸ್ಥಾಯಿಯ ಪಂಚಮ. ಕೆಳಗೆ ಅಗಲವಾಗುವ ಮರದ ವಾದ್ಯದಲ್ಲಿ ಬೇರೆ ಸ್ವರ ಬರುತ್ತದೆ, ಅದು ನಿಮ್ಮ ರಾಗದಲ್ಲಿ ಇಲ್ಲದೇ ಇರಬಹುದು.

## 7. ಮೈಕ್ ಮತ್ತು ಸೌಂಡ್ ಇಂಜಿನಿಯರ್

ನನ್ನ ಮೊದಲ ಕಾರ್ಯಕ್ರಮದಲ್ಲಿ ಸಭಿಕರಿಗೆ ಕೇಳಿದ್ದು ನೊಣ ಹಾರುವಂಥ ಸದ್ದು ಮಾತ್ರ. ಆಮೇಲೆ ಕಾರಣ ತಿಳಿಯಿತು. ಗಾಯಕರ ಮೈಕಿಗೆ ಹಾಕುವ ಹಾಗೆ ನನ್ನ ಚಾನೆಲ್‌ಗೂ 100 ಹರ್ಟ್ಸ್‌ನಲ್ಲಿ ಲೋ ಕಟ್, ಅಂದರೆ ಅದಕ್ಕಿಂತ ಕೆಳಗಿನ ನಾದವನ್ನು ತಡೆಯುವ ಫಿಲ್ಟರ್, ಹಾಕಿದ್ದರು. ಬಿಳಿ 2ರ ಕೊಳವೆಯ ಮೂಲ ನಾದ ಸುಮಾರು 73 ಹರ್ಟ್ಸ್. ವಾದ್ಯದ ಹೊಟ್ಟೆಯನ್ನೇ ಕತ್ತರಿಸಿ ತೆಗೆದಂತಾಗಿತ್ತು. ತಪ್ಪು ನನ್ನದೂ ಹೌದು, ನಾನು ಹೇಳಿರಲಿಲ್ಲ.

ಈಗ ನಾಲ್ಕು ಮಾತು ಬರೆದ ಚೀಟಿಯನ್ನು ಇಂಜಿನಿಯರ್ ಕೈಗೆ ಕೊಡುತ್ತೇನೆ:

- ಲೋ ಕಟ್ 40 ಹರ್ಟ್ಸ್‌ಗಿಂತ ಮೇಲೆ ಬೇಡ.
- ನಾಯ್ಸ್ ಗೇಟ್ ಬೇಡ. ಉಸಿರು ಎಳೆಯುವಾಗ ನಾದ ಚೂರು ಇಳಿಯುತ್ತದೆ, ಗೇಟ್ ಅದನ್ನು ಕತ್ತರಿಸಿ ಬಿಡುತ್ತದೆ.
- 150ರಿಂದ 250 ಹರ್ಟ್ಸ್ ನಡುವೆ ಗುಂಯ್‌ಗುಡುವಿಕೆ ಜಾಸ್ತಿಯಾದರೆ ಅಲ್ಲಿ ಇಳಿಸಿ.
- 1ರಿಂದ 3 ಕಿಲೋಹರ್ಟ್ಸ್ ಮುಟ್ಟಬೇಡಿ. ನಾಲಿಗೆಯ ಕೆಲಸವೆಲ್ಲ ಅಲ್ಲೇ ಕೇಳುವುದು.

ಬಾಸ್ ಡ್ರಮ್‌ಗೆ ಇಡುವ ಡೈನಾಮಿಕ್ ಮೈಕ್ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಶೂರ್ ಕಂಪನಿಯ ಎಸ್‌ಎಂ57 ಮೈಕ್ ಸಾಕು. ಕೆಳ ತುದಿಯಿಂದ ಒಂದು ಗೇಣು ದೂರ, ನೇರ ಬಾಯಿಗೆ ಹಿಡಿಯದೆ ಸ್ವಲ್ಪ ಓರೆಯಾಗಿ ಇಡಿ. ತುಂಬಾ ಹತ್ತಿರ ಇಟ್ಟರೆ ಗಾಳಿಯ ಸದ್ದು ಸೇರುತ್ತದೆ. ಹಾಡಿನ ನಡುವೆ ಕೊಳವೆ ಅಲುಗಾಡದಿರಲಿ. ಕೆಳಗೆ ಮಡಚಿದ ಟವೆಲ್ ಇಟ್ಟು ಅದರ ಮೇಲೆ ತುದಿ ಊರಿ. ಬಾಯಿಯಿಂದ ಇಳಿಯುವ ನೀರನ್ನೂ ಅದೇ ಹೀರಿಕೊಳ್ಳುತ್ತದೆ.

ಮೂಲ ನಾದದ ಮಟ್ಟದಲ್ಲೇ ಊಳಿಡುವ ಫೀಡ್‌ಬ್ಯಾಕ್ ಶುರುವಾದರೆ ಮಾನಿಟರ್ ಸ್ಪೀಕರ್ ಕೊಳವೆಯ ತುದಿಗೆ ಎದುರಾಗಿದೆ ಎಂದರ್ಥ. ಅದನ್ನು ತಿರುಗಿಸಿ, ಅಥವಾ ನಿಮ್ಮ ಮಾನಿಟರ್‌ನಲ್ಲಿ ನಿಮ್ಮ ವಾದ್ಯವನ್ನೇ ತೆಗೆಸಿ. ತಲೆಯ ಎಲುಬಿನ ಮೂಲಕವೇ ನಿಮಗೆ ಸಾಕಷ್ಟು ಕೇಳುತ್ತದೆ.

## 8. ಕಾರ್ಯಕ್ರಮದ ದಿನದ ಶ್ರುತಿ

ಗಾಳಿ ಬಿಸಿಯಾದರೆ ಶ್ರುತಿ ಏರುತ್ತದೆ, ತಣ್ಣಗಾದರೆ ಇಳಿಯುತ್ತದೆ. 10 ಡಿಗ್ರಿ ವ್ಯತ್ಯಾಸಕ್ಕೆ ಅರ್ಧ ಸ್ವರದ ಮೂರನೇ ಒಂದು ಭಾಗದಷ್ಟು ಸರಿಯುತ್ತದೆ. ಬಯಲಿನಲ್ಲಿ ಬಿಸಿಲಿಗೆ ಸೇರಿಸಿದ ಶ್ರುತಿ ಎಸಿ ಹಾಲ್‌ನಲ್ಲಿ ಕೈಕೊಡುವುದು ಇದಕ್ಕೇ. 2ನೇ ಹಂತದಲ್ಲಿ ಮಾಡಿದ ತೋಳು ಈಗ ಕೆಲಸಕ್ಕೆ ಬರುತ್ತದೆ. 10 ಡಿಗ್ರಿ ತಣ್ಣಗಾದರೆ ತೋಳನ್ನು 2 ಸೆಂ.ಮೀ. ಒಳಗೆ ತಳ್ಳಿ, ಶ್ರುತಿ ಮತ್ತೆ ಸೇರುತ್ತದೆ.

ಮರದ ವಾದ್ಯಕ್ಕೆ ತೋಳು ಹಾಕಲಾಗದು. ವೇದಿಕೆಯ ಪಕ್ಕದಲ್ಲಿ ಐದು ನಿಮಿಷ ಊದಿ ಬಿಸಿ ಮಾಡಿಕೊಳ್ಳಿ. ಆಮೇಲೆ ಎಲೆಕ್ಟ್ರಾನಿಕ್ ತಂಬೂರಿಯನ್ನೇ ನಿಮ್ಮ ವಾದ್ಯಕ್ಕೆ ಕೂದಲೆಳೆಯಷ್ಟು ಸರಿಸಲು ಕೇಳಿ. ಪಿಟೀಲು, ಗಿಟಾರಿನವರು ಅದಕ್ಕೆ ಸೇರಿಸಿಕೊಳ್ಳಲಿ.

## 9. ಪ್ರಚಾರ: ಏನು ಬರೆಯಬೇಕು, ಏನು ಬರೆಯಬಾರದು

ರೀಲ್ಸ್‌ಗೆ ಹಾಕಿದ ವಿಡಿಯೋದಲ್ಲಿ ದನಿಯೇ ಬರುವುದಿಲ್ಲ ಎಂದು ಬಹಳ ಜನ ಬೇಸರ ಮಾಡಿಕೊಳ್ಳುತ್ತಾರೆ. ಫೋನಿನ ಪುಟ್ಟ ಸ್ಪೀಕರ್ 73 ಹರ್ಟ್ಸ್ ನುಡಿಸಲಾರದು. ಪ್ರಚಾರದ ತುಣುಕಿಗೆ ಉದ್ದ ನಾದ ಬೇಡ. ನಾಲಿಗೆಯ ಲಯ, ಟೂಟ್, ಊದುತ್ತಲೇ ಗಂಟಲಿನ ದನಿ ಸೇರಿಸಿದ ಭಾಗ ಆರಿಸಿ, 40 ಸೆಕೆಂಡಿಗೆ ಮುಗಿಸಿ. ಮಿಕ್ಸ್ ಮಾಡಿದ ಮೇಲೆ ಫೋನಿನಲ್ಲೇ ಕೇಳಿ ನೋಡಿ. ಕಾರ್ಯಕ್ರಮ ಆಯೋಜಿಸುವವರಿಗೆ ಒಬ್ಬಂಟಿ ವಾದನ ಕಳಿಸಬೇಡಿ. ಮೃದಂಗವೋ ಗಿಟಾರೋ ಹಾಡೋ ಜತೆಗಿರುವ ತುಣುಕು ಕಳಿಸಿ. ಇದು ತಮ್ಮ ಕಾರ್ಯಕ್ರಮದಲ್ಲಿ ಎಲ್ಲಿ ಕೂರುತ್ತದೆ ಎಂದು ಅವರಿಗೆ ಕಾಣಬೇಕು.

ಪೋಸ್ಟರಿನ ಮಾತಿನಲ್ಲಿ ಎಚ್ಚರ ಬೇಕು. ನಾನು ಮತ್ತೆ ಮತ್ತೆ ನೋಡುವ ಸಾಲು ಹೀಗಿರುತ್ತದೆ: "ಕಾಡುಜನರ ಮಾಂತ್ರಿಕ ನಾದ, ಸಕಲ ರೋಗಕ್ಕೂ ಮದ್ದು." ಎರಡು ಅರ್ಧವೂ ತಪ್ಪು. 2006ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನ ಇದೆ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದ 25 ಜನರಲ್ಲಿ 4 ತಿಂಗಳು ಡಿಜೆರಿಡೂ ಅಭ್ಯಾಸ ಮಾಡಿದವರಿಗೆ ಹಗಲಿನ ತೂಕಡಿಕೆ ಕಡಿಮೆಯಾಯಿತು. ಅದು ಚಿಕ್ಕ ಅಧ್ಯಯನ, ಒಂದೇ ತೊಂದರೆಯ ಬಗ್ಗೆ, ಅದೂ ನುಡಿಸಿದವರಿಗೆ. ಕೇಳಿದವರಿಗೆ ರೋಗ ವಾಸಿಯಾಗುತ್ತದೆ ಎಂದು ಅದು ಎಲ್ಲೂ ಹೇಳುವುದಿಲ್ಲ.

ನನ್ನ ಸಾಲು ಹೀಗಿದೆ, ಬೇಕಾದರೆ ಬಳಸಿಕೊಳ್ಳಿ: "ಡಿಜೆರಿಡೂ ಉತ್ತರ ಆಸ್ಟ್ರೇಲಿಯಾದ ಮೂಲನಿವಾಸಿಗಳ ವಾದ್ಯ. ಆರ್ನೆಮ್ ಲ್ಯಾಂಡ್‌ನ ಯೋಲ್ಙು ಜನ ಇದನ್ನು ಯಿಡಾಕಿ ಅನ್ನುತ್ತಾರೆ. ಇಲ್ಲಿ ಕೇಳುವುದು ಹೊಸ ಕಾಲದ ನುಡಿಸಾಣಿಕೆ, ಅವರ ವಿಧಿಗಳ ಸಂಗೀತವಲ್ಲ." ಮರದ ವಾದ್ಯವಾದರೆ ಅದನ್ನು ಮಾಡಿದವರ ಹೆಸರು ಮತ್ತು ಊರನ್ನೂ ಸೇರಿಸುತ್ತೇನೆ.

ಮುಖಕ್ಕೆ ಬಿಳಿ ಬಣ್ಣದ ಚುಕ್ಕಿ ಇಟ್ಟುಕೊಂಡು ವೇದಿಕೆ ಹತ್ತಬೇಡಿ. ಅವು ಒಂದೊಂದು ಕುಲಕ್ಕೆ ಸೇರಿದ ಗುರುತುಗಳು. ತೀರಿಹೋದ ಮೂಲನಿವಾಸಿ ವಾದಕರ ಫೋಟೋ, ದನಿ ಹಾಕುವ ಮುನ್ನ ಯೋಚಿಸಿ. ಅನೇಕ ಸಮುದಾಯಗಳಲ್ಲಿ ತೀರಿದವರ ಹೆಸರು, ಚಿತ್ರ ತೋರಿಸುವುದಿಲ್ಲ. ತೋರಿಸಲೇಬೇಕಾದರೆ ಮೊದಲೇ ಎಚ್ಚರಿಕೆಯ ಸಾಲು ಹಾಕಿ.

ಹೆಣ್ಣುಮಕ್ಕಳು ನುಡಿಸಬಹುದಾ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ವಿಧಿಗಳಲ್ಲಿ ಗಂಡಸರೇ ನುಡಿಸುತ್ತಾರೆ. ಅದರಾಚೆಗೆ ಸಮುದಾಯದಿಂದ ಸಮುದಾಯಕ್ಕೆ ಅಭಿಪ್ರಾಯ ಬೇರೆ. 2008ರಲ್ಲಿ ಹುಡುಗಿಯರಿಗಾಗಿ ಬರೆದ ಒಂದು ಪುಸ್ತಕದಲ್ಲಿ ಡಿಜೆರಿಡೂ ಪಾಠ ಇದ್ದದ್ದಕ್ಕೆ ಆಕ್ಷೇಪ ಬಂದು, ಆಸ್ಟ್ರೇಲಿಯಾದ ಪ್ರಕಾಶಕರು ಕ್ಷಮೆ ಕೇಳಿದರು. ನನ್ನ ಸಲಹೆ: ವಾದ್ಯ ಕೊಳ್ಳುವ ಕಲಾಕೇಂದ್ರದವರನ್ನೇ ನೇರವಾಗಿ ಕೇಳಿ, ಅವರು ಹೇಳಿದ್ದನ್ನು ಪಾಲಿಸಿ.

ಸಿಡ್ನಿ, ಮೆಲ್ಬರ್ನ್‌ನಲ್ಲಿರುವ ಕನ್ನಡಿಗರಿಗೆ ಒಂದು ಮಾತು. ರಾಜ್ಯೋತ್ಸವಕ್ಕೆ ಡಿಜೆರಿಡೂ ಬೇಕು ಅನ್ನಿಸಿದರೆ ನಮ್ಮವರಲ್ಲಿ ಒಬ್ಬರು ಊದುವ ಬದಲು ಅಲ್ಲಿನ ಮೂಲನಿವಾಸಿ ವಾದಕರನ್ನು ಕರೆಯಿರಿ. ಸಂಭಾವನೆಯನ್ನು ಮೊದಲೇ ಮಾತಾಡಿ, ಪೂರ್ತಿ ಕೊಡಿ. ನಮ್ಮ ಮೃದಂಗದವರ ಜತೆ ಒಂದು ದಿನ ಮುಂಚೆ ಕೂರಿಸಿ, ಅವರ ಕೊಳವೆಯ ಶ್ರುತಿ ಕೇಳಿ, ಹಾಡನ್ನು ಅದಕ್ಕೆ ಹೊಂದಿಸಿಕೊಳ್ಳಿ.

## 10. ಮುಗಿದ ಮೇಲೆ

ಕೊಳವೆಯನ್ನು ತಲೆಕೆಳಗಾಗಿ ನಿಲ್ಲಿಸಿ, ನೆರಳಲ್ಲಿ ಒಣಗಲು ಬಿಡಿ. ಮರದ್ದಾದರೆ ಕಾರಿನ ಡಿಕ್ಕಿಯಲ್ಲಿ ಬಿಡಲೇಬೇಡಿ. ಕಲಬುರಗಿಯ ಬೇಸಿಗೆಯಂಥ ಒಣ ಬಿಸಿಗೆ ಮರ ಸೀಳುತ್ತದೆ. ಇದ್ದಕ್ಕಿದ್ದಂತೆ ನಾದ ಬಡಕಲಾಗಿ, ಒಡಕು ಝೇಂಕಾರ ಕೇಳಿದರೆ ಅದೇ ಸೂಚನೆ. ಕೆಳ ತುದಿಯನ್ನು ಅಂಗೈಯಿಂದ ಮುಚ್ಚಿ ಮೆಲ್ಲಗೆ ಊದಿ, ಒದ್ದೆ ಬೆರಳನ್ನು ಮೈಯುದ್ದಕ್ಕೂ ಸವರಿ. ಗಾಳಿ ಎಲ್ಲಿ ತಣ್ಣಗೆ ತಾಗುತ್ತದೋ ಅಲ್ಲಿ ಸೀಳು. ಕೂದಲಿನಷ್ಟಿದ್ದರೆ ಮೇಣ ಒತ್ತಿ, ದೊಡ್ಡದಾದರೆ ಮರದ ಅಂಟು ತುಂಬಿ ಬಿಗಿಯಾಗಿ ಕಟ್ಟಿಡಿ.

ಆ ರಾತ್ರಿಯ ರೆಕಾರ್ಡಿಂಗ್‌ನ ಒಂದು ಪ್ರತಿಯನ್ನು ನಿಮ್ಮ ವಾದ್ಯ ಬಂದ ಕಲಾಕೇಂದ್ರಕ್ಕೂ ಕಳಿಸಿ. ಮಾಡಿದವರ ಹೆಸರು ಹಾಕಿದ ಪೋಸ್ಟರ್ ಜತೆಗಿರಲಿ.